ಹಿತ್ತಿಲಿನಲ್ಲಿ ಅಪ್ರಮಾದ

ವಸಂತ ಋತುವಿನ ಎರಡನೆಯ ಮಾಸವಾದ ವೈಶಾಖದಲ್ಲಿ ಕಾರ್ಕಳ, ಮೂಡುಬಿದಿರೆಗಳ ಕಡೆಯ ಮನೆಗಳ ಹಿತ್ತಿಲು ಎರಡು ಬಗೆಯ ಸಿದ್ಧತೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬಾವಿಯ ನೀರು ತಳ ಸೇರಿದೆ, ಹಲಸಿನ ತರಗೆಲೆ ಅಂಗಳದ ಅಂಚಿನಲ್ಲಿ ಮೊಣಕಾಲೆತ್ತರ ಬಿದ್ದಿದೆ, ಮಧ್ಯಾಹ್ನದ ಬಿಸಿಲಿಗೆ ಹೊರಗೆ ಕಾಲಿಡಲಾಗದು. ಆದರೂ ಇದೇ ವಾರಗಳಲ್ಲಿ ಪಿಕಳಾರ ಬೇಲಿಯೊಳಗೆ ಗೂಡು ಕಟ್ಟುತ್ತದೆ, ಕಾಗೆ ಮಾವಿನ ತುದಿಯಲ್ಲಿ ಕಡ್ಡಿ ಜೋಡಿಸುತ್ತದೆ, ಕಣಜ ಕಿಟಕಿಯ ಮೂಲೆಗೆ ಮಣ್ಣು ಮೆತ್ತುತ್ತದೆ. ಸರಿಯಾಗಿ ಈ ವಾರಗಳಲ್ಲಿಯೇ ಗೃಹಸ್ಥನೂ ಮಳೆಗಾಲಕ್ಕೆ ಸಿದ್ಧನಾಗಬೇಕು. ಹಂಚು ಸರಿಪಡಿಸಬೇಕು, ಬೇಲಿ ಸವರಬೇಕು, ಮಾಡಿನ ಮೇಲೆ ಬಾಗಿದ ಕೊಂಬೆ ಕಡಿಯಬೇಕು, ತರಗೆಲೆ ವಿಲೇವಾರಿ ಮಾಡಬೇಕು. ಮುನಿಗಳಿಗೆ ಆಷಾಢದಿಂದ ಚಾತುರ್ಮಾಸದ ನಿಯಮವಿದೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದರಿಂದ ಅವರು ಸಂಚಾರವನ್ನೇ ನಿಲ್ಲಿಸುತ್ತಾರೆ. ವೈಶಾಖದ ಹಿತ್ತಿಲಿಗೆ ಗೃಹಸ್ಥನ ಪಾಲಿಗೆ ಅಂಥ ಯಾವ ನಿಯಮವೂ ಇಲ್ಲ. ಅವನು ಅಡಿಗೆಮನೆಯಲ್ಲಿ ತೋರುವ ಎಚ್ಚರವನ್ನು ಹಿತ್ತಿಲ ಬಾಗಿಲು ದಾಟುವಾಗ ಒಳಗೇ ಬಿಟ್ಟು ಹೊರಡುತ್ತಾನೆ ಎಂದರೆ ತಪ್ಪಾಗಲಾರದು.

ಇಲ್ಲಿ ಏಳುವ ಪ್ರಶ್ನೆ ಸರಳವಾಗಿ ಕಾಣುತ್ತದೆ: ಕಣ್ಣಿಗೆ ಬೀಳದೆ ನಡೆದುಹೋದ ಹಿಂಸೆಗೆ ಮನುಷ್ಯನು ಎಷ್ಟರಮಟ್ಟಿಗೆ ಹೊಣೆ?

ಮೊದಲಿಗೆ ದಯೆಯಿಂದಲೇ ಆರಂಭವಾಗುವ ಒಂದು ಪ್ರಸಂಗವನ್ನು ತೆಗೆದುಕೊಳ್ಳಬಹುದು. ಬೇಸಗೆಯಲ್ಲಿ ಹಕ್ಕಿಗಳಿಗೆಂದು ಮಣ್ಣಿನ ಬೋಗುಣಿಯಲ್ಲಿ ನೀರಿಡುವ ಪದ್ಧತಿ ಈಚೆಗೆ ಅನೇಕ ಮನೆಗಳಲ್ಲಿ ಬೆಳೆದಿದೆ, ಒಳ್ಳೆಯ ಪದ್ಧತಿ. ಮೊದಲ ಮೂರು ನಾಲ್ಕು ದಿನ ಮಕ್ಕಳು ಉತ್ಸಾಹದಿಂದ ನೀರು ತುಂಬುತ್ತಾರೆ. ಮಡಿವಾಳ ಹಕ್ಕಿ ಬಂದು ಸ್ನಾನ ಮಾಡಿದ್ದನ್ನು ಎಲ್ಲರಿಗೂ ಹೇಳುತ್ತಾರೆ. ಬಳಿಕ ಮದುವೆಯ ಓಡಾಟ, ನೆಂಟರ ಬರವು, ಬೋಗುಣಿ ಮರೆತುಹೋಗುತ್ತದೆ. ಎಂಟನೆಯ ದಿನ ಯಾರೋ ಬಗ್ಗಿ ನೋಡಿದರೆ ನೀರಿನ ತುಂಬ ಸೊಳ್ಳೆಯ ಮರಿಗಳು ತಲೆಕೆಳಗಾಗಿ ತೂಗುತ್ತಿವೆ. ಕ್ಯೂಲೆಕ್ಸ್ ಜಾತಿಯ ಹೆಣ್ಣು ಸೊಳ್ಳೆ ನೀರಿನ ಮೇಲೆ ತೆಪ್ಪದಂತೆ ಅಂಟಿಸಿ ಇಡುವ ಮೊಟ್ಟೆಗಳು ಒಂದು ಸಲಕ್ಕೆ 100ರಿಂದ 300. ಅವು ಒಂದೆರಡು ದಿನದಲ್ಲಿ ಒಡೆಯುತ್ತವೆ. ಬೇಸಗೆಯ ಸೆಕೆಯಲ್ಲಿ ಎಂಟು ಹತ್ತು ದಿನಗಳಲ್ಲಿ ರೆಕ್ಕೆ ಬಂದು ಹಾರುತ್ತವೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯಾದರೋ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಮೈಗೆ ಮೊಟ್ಟೆ ಅಂಟಿಸುತ್ತದೆ. ನೀರು ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಗುಲಿದಾಗ ಒಡೆಯಬಲ್ಲವು.

ಎಂಟನೆಯ ದಿನದ ಶ್ರಾವಕನ ಸ್ಥಿತಿ ನಿಜವಾಗಿ ಕಷ್ಟದ್ದು. ನೀರನ್ನು ಒಣನೆಲಕ್ಕೆ ಚೆಲ್ಲಿದರೆ ನೂರಾರು ಜೀವಗಳು ಅವನ ಕಣ್ಣೆದುರಿಗೇ ಒದ್ದಾಡಿ ಸಾಯುತ್ತವೆ. ಚೆಲ್ಲದೆ ಬಿಟ್ಟರೆ ನೆರೆಮನೆಯ ಕೂಸಿಗೆ ಜ್ವರ ಬಂದೀತು. ಇದು ಬರಿಯ ಊಹೆಯ ಭಯವಲ್ಲ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಆವರಣದಲ್ಲಿ ಸೊಳ್ಳೆ ಬೆಳೆಯಲು ಆಸ್ಪದ ಕೊಟ್ಟವರಿಗೆ ದಂಡ ವಿಧಿಸುವ ನಿಯಮವನ್ನೂ ಮಾಡಿತು. ಕೆಲವರು ಇದಕ್ಕೊಂದು ಜಾಣ ಉಪಾಯ ಹುಡುಕುತ್ತಾರೆ: ಬೋಗುಣಿಯ ನೀರನ್ನು ಮೀನಿರುವ ತೊಟ್ಟಿಗೆ ಸುರಿಯುವುದು. ಕರ್ನಾಟಕದ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿ, ತೊಟ್ಟಿಗಳಿಗೆ ಗಪ್ಪಿ ಮೀನು ಬಿಟ್ಟದ್ದುಂಟು. ವಿಷ ಸಿಂಪಡಿಸುವುದಕ್ಕಿಂತ ಅದು ಲೇಸು ಎಂಬ ಆರೋಗ್ಯ ಇಲಾಖೆಯ ವಾದಕ್ಕೆ ಬಲವಿದೆ. ಆದರೆ ಕೈ ಶುದ್ಧವಾಗಿ ಉಳಿಯಿತೆಂದು ಗೃಹಸ್ಥನು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಎರಡನೆಯದು ಇಂಥ ಜಾಣತನಕ್ಕಾಗಿಯೇ ಇಟ್ಟ ಬಾಗಿಲ ಕಾವಲು.

ಹಾಗಾದರೆ ಅವನು ಏನು ಮಾಡಬೇಕು? ಈ ಪ್ರಶ್ನೆಯನ್ನು ಎಂಟನೆಯ ದಿನ ಕೇಳುವುದರಲ್ಲಿಯೇ ದೋಷವಿದೆ. ಅಂದು ಅವನು ಯಾವುದನ್ನು ಆರಿಸಿದರೂ ಹಿಂಸೆಯನ್ನೇ ಆರಿಸುತ್ತಾನೆ. ಆ ಆಯ್ಕೆ ಅವನ ಮುಂದೆ ಬಂದು ನಿಂತದ್ದು ಎರಡನೆಯ ದಿನ ಅವನು ಬೋಗುಣಿಯತ್ತ ನೋಡದೆ ಹೋದುದರಿಂದ. ಪ್ರತಿ ಸಂಜೆ ನೀರನ್ನು ಗಿಡದ ಬುಡಕ್ಕೆ ಹಾಕಿ, ಒಳಮೈ ಉಜ್ಜಿ, ರಾತ್ರಿ ಬೋಗುಣಿಯನ್ನು ಮಗುಚಿಟ್ಟು, ಬೆಳಗ್ಗೆ ಮತ್ತೆ ತುಂಬಿದರೆ ಅಲ್ಲಿ ನೂರಾರು ಮರಿಗಳು ತೂಗುವ ಪ್ರಮೇಯವೇ ಬರುವುದಿಲ್ಲ. ಎರಡು ಬೋಗುಣಿ ಇಟ್ಟುಕೊಂಡು ದಿನ ಬಿಟ್ಟು ದಿನ ಒಂದೊಂದನ್ನು ಬಿಸಿಲಿಗೆ ಒಣಗಿಸುವವರೂ ಇದ್ದಾರೆ. ಇದೂ ಪೂರ್ಣ ನಿರ್ದೋಷವೆಂದು ಹೇಳಲಾಗದು, ಒಂದು ಹಗಲಿನಲ್ಲಿ ಇಟ್ಟ ಮೊಟ್ಟೆಗಳು ಉಜ್ಜುವ ಕೈಗೆ ಸಿಗುತ್ತವೆ. ಗೃಹಸ್ಥನ ವ್ರತ ಅಣುವ್ರತ. ಆರಂಭೀ ಹಿಂಸೆಯಿಂದ ಅವನು ಸಂಪೂರ್ಣ ಪಾರಾಗಲಾರ. ಆದರೆ ಒಂದು ದಿನದ ದೋಷಕ್ಕೂ ಎಂಟು ದಿನಗಳ ದೋಷಕ್ಕೂ ಇರುವ ಅಂತರ ಅವನ ಕೈಯಲ್ಲಿಯೇ ಇದೆ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಇದನ್ನು ಕೆಲವರು ವಿನಾಯಿತಿಯಂತೆ ಓದುವುದುಂಟು: ಕೊಲ್ಲುವ ಮನಸ್ಸಿರಲಿಲ್ಲ, ಕಂಡಿರಲಿಲ್ಲ, ಆದ್ದರಿಂದ ಪಾಪವಿಲ್ಲ ಎಂದು. ಇದು ತಲೆಕೆಳಗಾದ ಓದು. ಎಚ್ಚರದಿಂದ ನಡೆಯುವವನ ಕಾಲಡಿಗೆ ಒಂದು ಹುಳು ಅನಿರೀಕ್ಷಿತವಾಗಿ ಬಂದು ಸಿಕ್ಕಿದರೆ ಆ ಲಕ್ಷಣ ಅವನನ್ನು ಬಿಡಿಸುತ್ತದೆ. ನೋಡದೆಯೇ ನಡೆಯುವವನನ್ನು, ಅವನ ಕಾಲಡಿಯಲ್ಲಿ ಏನೂ ಸಾಯದಿದ್ದರೂ, ಬಿಡುವುದಿಲ್ಲ. ಕಾಣದಿರುವುದು ಬೇರೆ, ನೋಡದಿರುವುದು ಬೇರೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಒಂದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಕೊಡುವ ಉದಾಹರಣೆಗಳು ಗಮನಾರ್ಹವಾಗಿವೆ: ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು. ಯುದ್ಧಭೂಮಿಯ ಕೃತ್ಯ ಇದರಲ್ಲಿ ಒಂದೂ ಇಲ್ಲ. ಎಲ್ಲವೂ ಹಿತ್ತಿಲಿನಲ್ಲಿ ನಡೆಯತಕ್ಕವು.

ನೀರು ಸೋಸುವ ಸಂಪ್ರದಾಯವನ್ನು ಇಲ್ಲಿ ನೆನೆಯಬಹುದು. ಬಟ್ಟೆಯಲ್ಲಿ ಸೋಸಿದ ನೀರಿಗೆ ಎರಡು ಘಳಿಗೆ, ಎಂದರೆ 48 ನಿಮಿಷಗಳ ಅವಧಿ. ಆ ಬಳಿಕ ಮತ್ತೆ ಸೋಸಬೇಕು. ಸೋಸಿದ ಬಟ್ಟೆಯನ್ನು ಜಾಲಾಡಿಸಿದ ನೀರನ್ನು ಎಲ್ಲೋ ಚೆಲ್ಲದೆ ಅದೇ ಬಾವಿಗೆ ಮರಳಿಸಬೇಕು. ಹಿರಿಯರು ಇದನ್ನು ಮಾಡುತ್ತಿದ್ದಾಗ ಅದು ಬರಿಯ ಮಡಿಯಂತೆ ಕಿರಿಯರಿಗೆ ಕಂಡಿರಬಹುದು. ಆದರೆ ಆ ವಿಧಿಯೊಳಗೆ ಎರಡು ತಿಳಿವಳಿಕೆಗಳಿವೆ: ನಿಂತ ನೀರಿನಲ್ಲಿ ಜೀವ ಕಾಲಕ್ರಮದಿಂದ ಹುಟ್ಟುತ್ತದೆ ಎಂಬುದು ಒಂದು, ಜೀವಕ್ಕೆ ತನ್ನದೇ ಆದ ನೆಲೆಯಿದೆ ಎಂಬುದು ಇನ್ನೊಂದು. ನಲ್ಲಿಯ ನೀರು, ಶುದ್ಧೀಕರಣ ಯಂತ್ರಗಳು ಬಂದ ಮೇಲೆ ವಿಧಿ ಸಡಿಲವಾಯಿತು. ಅದರೊಂದಿಗೆ ಗಡಿಯಾರವಿಟ್ಟು ದಯೆ ತೋರುವ ಆ ಅಭ್ಯಾಸವೂ ಸಡಿಲವಾಯಿತು. ಬೋಗುಣಿಗೆ ಬೇಕಾದದ್ದು ಅದೇ ಅಭ್ಯಾಸ. ಅಡಿಕೆಯ ಹಾಳೆ, ತೆಂಗಿನ ಚಿಪ್ಪು, ಹೂಕುಂಡದ ಕೆಳಗಿನ ತಟ್ಟೆ, ಇವೆಲ್ಲ ಮೊದಲ ಮಳೆಗೆ ಒಂದೊಂದು ಬೋಗುಣಿಯೇ ಆಗುತ್ತವೆ. ಮಳೆಗೆ ಮುಂಚೆ ಅವುಗಳನ್ನು ಹೆಕ್ಕಿ ಮಗುಚಿಡುವ ಅರ್ಧ ದಿನದ ಕೆಲಸ, ಮಳೆಯ ಮೇಲೆ ಔಷಧ ಹೊಡೆಸುವ ಅನಿವಾರ್ಯವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮನುಷ್ಯನ ಕೈ ಇರುವ ಹಿಂಸೆಯ ಮಾತಾಯಿತು. ನೋಡಲು ಕುಳಿತವನಿಗೆ ಬೇರೊಂದು ಬಗೆಯದೂ ಕಾಣುತ್ತದೆ, ಮತ್ತು ಅದು ಹೆಚ್ಚು ಕಂಗೆಡಿಸುತ್ತದೆ.

ಕಿಟಕಿಯ ಚೌಕಟ್ಟಿನಲ್ಲಿ ಮಡಕೆಯಂಥ ಸಣ್ಣ ಮಣ್ಣಿನ ಗೂಡು ಕಟ್ಟುವ ಕಣಜವನ್ನು ಎಲ್ಲರೂ ಬಲ್ಲರು. ಅದು ಎಲ್ಲಿಂದಲೋ ಒಂದು ಹಸಿರು ಹುಳುವನ್ನು ತಂದು ಗೂಡಿನೊಳಗೆ ಸೇರಿಸಿ ಬಾಯಿ ಮುಚ್ಚುತ್ತದೆ. ಕೆಲವು ದಿನಗಳ ಮೇಲೆ ಅಲ್ಲಿಂದ ಕಣಜವೇ ಹೊರಬರುತ್ತದೆ. ಇದನ್ನು ಕಂಡ ನಮ್ಮ ಹಿಂದಿನವರು ಭ್ರಮರಕೀಟನ್ಯಾಯವೆಂಬ ದೃಷ್ಟಾಂತ ಹೆಣೆದರು. ಸೆರೆಸಿಕ್ಕ ಕೀಟವು ಭಯದಿಂದ ಭ್ರಮರವನ್ನೇ ಧ್ಯಾನಿಸಿ ಧ್ಯಾನಿಸಿ ತಾನೂ ಭ್ರಮರವಾಗುತ್ತದೆ ಎಂದು. ದೃಷ್ಟಾಂತ ಮನೋಹರವಾದುದು, ನಾನಾ ಮತಗಳವರು ಅದನ್ನು ಬಳಸಿದ್ದಾರೆ, ಧ್ಯಾನದ ಮಹಿಮೆಯನ್ನು ಹೇಳಲು ಇಂದಿಗೂ ಪ್ರವಚನಗಳಲ್ಲಿ ಕೇಳಿಬರುತ್ತದೆ. ಆದರೆ ಗೂಡಿನೊಳಗೆ ನಡೆಯುವುದು ಬೇರೆ. ಕಣಜವು ಕುಟುಕಿ ಹುಳುವನ್ನು ಚಲನೆಯಿಲ್ಲದಂತೆ ಮಾಡುತ್ತದೆ, ಕೊಲ್ಲುವುದಿಲ್ಲ. ಸತ್ತರೆ ಅದು ಕೊಳೆತುಹೋಗುತ್ತದೆ. ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿಯು ಜೀವಂತವಾಗಿರುವ ಆ ಹುಳುವನ್ನು ತಿಂದು ಬೆಳೆಯುತ್ತದೆ. ಕೆಲವು ಜಾತಿಯ ಕಣಜಗಳು ಹುಳುಗಳ ಬದಲು ಜೇಡಗಳನ್ನು ತುಂಬಿಡುತ್ತವೆ. ಫ್ರಾನ್ಸಿನ ಫಾಬ್ರ್ ಎಂಬ ಶಾಲಾಶಿಕ್ಷಕನು ತನ್ನ ಊರಿನ ಹೊಲಗದ್ದೆಗಳ ನಡುವೆ ವರ್ಷಗಟ್ಟಲೆ ಕಾದು ಕುಳಿತು ಕಣಜಗಳ ಈ ವೃತ್ತಾಂತವನ್ನು ಬರೆದ. ಅವನ ಕೀಟಗ್ರಂಥಮಾಲೆಯ ಮೊದಲ ಸಂಪುಟ 1879ರಲ್ಲಿ ಬಂದಿತು.

ಹುಳುವಿನ ಯಾತನೆ ಧ್ಯಾನವಾಗಿ ತೋರಿದ್ದು ಯಾರೂ ಗೂಡಿನೊಳಕ್ಕೆ ಇಣುಕದೆ ಇದ್ದುದರಿಂದ. ಒಂದು ಸುಂದರವಾದ ಮಾತು ಒಂದು ಜೀವದ ನೋವನ್ನು ಶತಮಾನಗಳ ಕಾಲ ಮರೆಮಾಡಿತು ಎಂಬುದು ಅಹಿಂಸೆಯನ್ನು ಪರಮಧರ್ಮವೆಂದು ತಿಳಿದವರಾದರೂ ಯೋಚಿಸಬೇಕಾದ ಸಂಗತಿ.

ನಿಜವನ್ನು ಕಂಡವನು ಏನು ಮಾಡುತ್ತಾನೆ? ಡಾರ್ವಿನ್‌ನು 1860ರ ಮೇ ತಿಂಗಳಲ್ಲಿ ಆಸಾ ಗ್ರೇ ಎಂಬ ಸಸ್ಯವಿಜ್ಞಾನಿಗೆ ಬರೆದ ಪತ್ರದಲ್ಲಿ, ಜೀವಂತ ಹುಳುಗಳ ಒಡಲಿನೊಳಗೆ ಉಣ್ಣುವ ಇಂಥದೇ ಕಣಜಗಳನ್ನು ಕರುಣಾಮಯನಾದ ದೇವರು ಉದ್ದೇಶಪಟ್ಟು ಸೃಷ್ಟಿಸಿರಬಹುದೆಂದು ನಂಬಲು ತನ್ನಿಂದಾಗದು ಎಂಬ ಭಾವವನ್ನು ತೋಡಿಕೊಂಡಿದ್ದಾನೆ. ಸೃಷ್ಟಿಕರ್ತನನ್ನು ಒಪ್ಪದ ಜೈನದರ್ಶನಕ್ಕೆ ಈ ಪ್ರಶ್ನೆ ಆ ರೂಪದಲ್ಲಿ ಬರುವುದಿಲ್ಲ. ದೂರು ಹೊರಿಸಲು ಮೇಲೆ ಯಾರೂ ಇಲ್ಲ. ಹಾಗೆಂದು ಪ್ರಶ್ನೆ ಹಗುರಾಗುವುದಿಲ್ಲ, ನೋಡುತ್ತಿರುವವನ ಕಡೆಗೇ ತಿರುಗುತ್ತದೆ. ಗೂಡು ಒಡೆದು ಹುಳುವನ್ನು ಬಿಡಿಸಲೇ ಎಂದು ಮರುಕದವನಿಗೆ ಅನಿಸುವುದು ಸಹಜ. ಆದರೆ ಕುಟುಕಿಸಿಕೊಂಡ ಹುಳು ಬಿಸಿಲಿಗೆ ಬಂದರೂ ಚೇತರಿಸಿಕೊಂಡು ಎಲೆಗೆ ಮರಳುವ ಭರವಸೆಯಿಲ್ಲ. ಒಳಗಿನ ಕಣಜದ ಮರಿಯಂತೂ ಸಾಯುವುದು ಖಂಡಿತ. ಒಂದರ ಬದಲು ಎರಡು. ಅಲ್ಲಿ ಮನುಷ್ಯನ ಕೈಗೆ ಮಾಡಲು ಕೆಲಸವಿಲ್ಲ. ಸುಣ್ಣ ಬಳಿಯುವ ಅವಸರದಲ್ಲಿ ಚೌಕಟ್ಟನ್ನು ಕೆರೆಯದೆ, ಗೂಡಿನಲ್ಲಿ ತೂತು ಕಾಣುವ ತನಕ, ಎಂದರೆ ಒಳಗಿನದು ಹೊರಟುಹೋಗುವ ತನಕ ತಡೆಯಬಹುದು, ಅಷ್ಟೆ. ಕೈ ಚಾಚಬೇಕಾದ ಬೋಗುಣಿಯನ್ನು ಮರೆತು, ಕೈ ಹಿಂತೆಗೆಯಬೇಕಾದ ಗೂಡನ್ನು ಒಡೆಯುವುದು ನೋಡಲು ಬಾರದ ದಯೆಯ ಸ್ವಭಾವ.

ಕಾಗೆಯ ವಿಷಯದಲ್ಲಿ ಇದು ಇನ್ನೂ ವಿನೋದಕರವಾಗಿ, ಹಾಗೆಯೇ ಕ್ರೂರವಾಗಿ, ಕಾಣಸಿಗುತ್ತದೆ. ವಸಂತದ ಕೋಗಿಲೆಯ ದನಿಗೆ ಮನಸೋಲದವರಿಲ್ಲ. ಅದೇ ತಿಂಗಳು ಮಾವಿನ ಮರದಲ್ಲಿ ಗೂಡು ಮಾಡಿದ ಕಾಗೆ ಅಂಗಳಕ್ಕೆ ಬಂದವರ ತಲೆಗೆ ಕುಕ್ಕುತ್ತದೆ. ಉದ್ದನೆಯ ಕೋಲು ತಂದು ಗೂಡನ್ನು ಕೆಡವಲಾಗುತ್ತದೆ. ಕೋಗಿಲೆ ಗೂಡು ಕಟ್ಟುವ ಹಕ್ಕಿಯಲ್ಲ. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಅದರ ಮೊಟ್ಟೆ ಕಾಗೆಯದಕ್ಕಿಂತ ಎರಡು ಮೂರು ದಿನ ಮೊದಲೇ ಒಡೆಯುತ್ತದೆ, ಮರಿಯನ್ನು ಕಾಗೆಯೇ ಸಾಕುತ್ತದೆ. ಹೀಗಿರುವಲ್ಲಿ ಕಾಗೆಯ ಗೂಡು ಬಿದ್ದಾಗ ನೆಲಕ್ಕೆ ಬಿದ್ದ ಮರಿ ಮುಂದಿನ ವಸಂತದ ಕೋಗಿಲೆಯೂ ಆಗಿರಬಹುದು. ಕೋಗಿಲೆಯ ಮೇಲಿನ ಪ್ರೀತಿ, ಕಾಗೆಯ ಮೇಲಿನ ಜುಗುಪ್ಸೆ ಎರಡೂ ಒಂದೇ ಕೋಲಿನ ಪೆಟ್ಟಿಗೆ ಸಿಕ್ಕುವುದನ್ನು ಕೆಡವಿದವನು ಅರಿಯ. ನಾಲ್ಕು ವಾರ ಕೊಡೆ ಹಿಡಿದು ಅಂಗಳ ದಾಟಿದ್ದರೆ ಸಾಕಾಗುತ್ತಿತ್ತು.

ಬೇಲಿಯ ಪ್ರಸಂಗ ಇಷ್ಟು ಸುಲಭವಲ್ಲ. ಪಿಕಳಾರ ದಾಸವಾಳದ ಬೇಲಿಯಲ್ಲಿ ಎದೆಯೆತ್ತರದಲ್ಲಿಯೇ ಬಟ್ಟಲಿನಂಥ ಗೂಡು ಮಾಡಿ ಎರಡು ಮೂರು ಮೊಟ್ಟೆಯಿಡುತ್ತದೆ. ಕಾವು ಹನ್ನೆರಡು ಹದಿಮೂರು ದಿನ, ಮರಿಗಳು ಹಾರಲು ಸುಮಾರು ಅಷ್ಟೇ ದಿನ. ಒಟ್ಟು ಒಂದು ತಿಂಗಳು ಕತ್ತಿ ಬೇಲಿಗೆ ತಾಗಬಾರದು. ಆದರೆ ಮಳೆಗಾಲ ಸಮೀಪಿಸಿದೆ, ಬೇಲಿ ದಾರಿಗೆ ಬಾಗಿದೆ, ಸವರಲು ಹೇಳಿಟ್ಟ ಕೂಲಿಯವನು ಬೆಳಗ್ಗೆ ಎಂಟು ಗಂಟೆಗೆ ಕತ್ತಿ ಹಿಡಿದು ಬಂದು ನಿಂತಿದ್ದಾನೆ. ಗೂಡು ಕಂಡ ಮನೆಯವರು ಇವತ್ತು ಬೇಡಪ್ಪ, ಹಕ್ಕಿ ಮೊಟ್ಟೆಯಿಟ್ಟಿದೆ ಎಂದು ಹೇಳಿ ಕಳಿಸುತ್ತಾರೆ. ಹಕ್ಕಿ ಉಳಿಯಿತು. ಅವನ ಆ ದಿನದ ಕೂಲಿ ಹೋಯಿತು. ಆ ಹೊತ್ತಿಗೆ ಬೇರೆಡೆ ಕೆಲಸ ಹುಡುಕಲು ಸಾಧ್ಯವಿಲ್ಲ. ಒಬ್ಬರ ಕರುಣೆಯ ವೆಚ್ಚವನ್ನು ಇನ್ನೊಬ್ಬರ ಮಡಿಲಿನಿಂದ ತೆಗೆದು ಕೊಟ್ಟಂತಾಯಿತು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಆಶ್ರಿತರ ಅನ್ನಪಾನಗಳಿಗೆ ಅಡ್ಡಿ ಮಾಡುವುದನ್ನೂ ಎಣಿಸಿರುವುದು ಇಲ್ಲಿ ನೆನಪಾಗಬೇಕು. ಅದನ್ನು ಎತ್ತು, ಹಸುಗಳಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುವುದು ಅನುಕೂಲಕರವಾದ ಅರ್ಥ.

ಬೇಲಿಯನ್ನು ಒಂದು ವಾರ ಮೊದಲೇ ತುದಿಯಿಂದ ತುದಿಗೆ ನೋಡಿದ್ದರೆ ಅವನಿಗೆ ಮೊದಲೇ ಹೇಳಬಹುದಾಗಿತ್ತು. ನೋಡಿರದಿದ್ದರೆ ಅಂದು ಅವನಿಗೆ ಬೇರೆ ಕೆಲಸ ಕೊಡಬೇಕು: ಸೌದೆ ಒಡೆಯುವುದು, ತೋಡಿನ ಹೂಳು ತೆಗೆಯುವುದು, ಬೇಲಿಯ ಗೂಡಿಲ್ಲದ ಭಾಗವನ್ನಷ್ಟೆ ಸವರುವುದು. ಅದೂ ಇಲ್ಲವಾದರೆ ಕೂಲಿಯನ್ನಾದರೂ ಕೊಟ್ಟು ಕಳಿಸಬೇಕು. ಇಷ್ಟು ಖರ್ಚು ಮಾಡಲು ಮನಸ್ಸಿಲ್ಲದವನ ಪಿಕಳಾರದ ಪ್ರೀತಿ ಎಷ್ಟು ದೊಡ್ಡದೆಂದು ಅಳೆಯಲು ಕಷ್ಟವೇನೂ ಇಲ್ಲ. ಒಂದು ಮಾತನ್ನು ಸೇರಿಸಬಹುದು: ಗೂಡು ಎಲ್ಲಿದೆಯೆಂದು ಮನೆಯ ಯಜಮಾನನಿಗಿಂತ ಬೇಲಿ ಸವರುವವನಿಗೇ ಮೊದಲು ತಿಳಿದಿರುವುದು ಹೆಚ್ಚು. ಕೇಳಿದರೆ ಹೇಳುತ್ತಾನೆ, ಕೇಳುವ ರೂಢಿ ಇಲ್ಲ.

ತರಗೆಲೆಯ ವಿಷಯ ಬೇಗ ಮುಗಿಯುತ್ತದೆ. ಗುಡ್ಡೆ ಹಾಕಿ ಬೆಂಕಿ ಕೊಡುವುದು ಸುಲಭ, ಬೂದಿ ಗೊಬ್ಬರವೂ ಆಗುತ್ತದೆ. ಆದರೆ ಹರಟೆಮಲ್ಲ ಹಕ್ಕಿಗಳ ಗುಂಪು ಬೆಳಗಿನ ಹೊತ್ತು ಆ ಗುಡ್ಡೆಯನ್ನು ಒಂದೊಂದೇ ಎಲೆ ಮಗುಚಿ ಕೆದಕುವುದನ್ನು ನೋಡಿದವರಿಗೆ ಒಳಗೆ ಎಷ್ಟು ಜನವಸತಿ ಇದೆಯೆಂಬುದು ಗೊತ್ತಾಗುತ್ತದೆ. ಅರಣೆ, ಕಪ್ಪೆ, ಸಹಸ್ರಪದಿ, ಲೆಕ್ಕವಿಲ್ಲದ ಇರುವೆ. ಶ್ರಾವಕನಿಗೆ ಸಲ್ಲದ ಹದಿನೈದು ಉದ್ಯೋಗಗಳ ಪಟ್ಟಿಯಲ್ಲಿ ಕಾಡಿಗೆ ಬೆಂಕಿಯಿಡುವುದು ಸೇರಿದೆ. ಹಿತ್ತಿಲ ಬೆಂಕಿ ಅದರ ಕಿರಿಯ ತಮ್ಮ. ತೆಂಗಿನ ಬುಡಕ್ಕೆ ಹರಡಿದರೆ ಎಲೆ ತಾನೇ ಕರಗುತ್ತದೆ.

ಕಾಣದ ಹಿಂಸೆಯ ಪ್ರಶ್ನೆಗೆ ಪ್ರಾಚೀನರ ಜೀವವಿಭಾಗವೇ ಒಂದು ಉತ್ತರವನ್ನು ಒಳಗಿಟ್ಟುಕೊಂಡಿದೆ. ಎರಡು ಇಂದ್ರಿಯಗಳ ಕೃಮಿ, ಮೂರರ ಇರುವೆ, ನಾಲ್ಕರ ದುಂಬಿ ಎಂದು ಅವರು ವಿಂಗಡಿಸಿದ್ದು ಬರಿಯ ತರ್ಕದಿಂದ ಆಗಿರಲಾರದು. ಯಾರೋ ಬಗ್ಗಿ ಕುಳಿತು, ಬಹಳ ಕಾಲ ನೋಡಿರಬೇಕು. ಮುನಿಗಳ ಐದು ಸಮಿತಿಗಳಲ್ಲಿ ನಾಲ್ಕು ಮೊಳ ಮುಂದೆ ನೋಡಿ ನಡೆಯುವ ಈರ್ಯಾಸಮಿತಿಯಾಗಲಿ, ನೋಡಿ ಎತ್ತಿ ನೋಡಿ ಇಡುವ ಆದಾನನಿಕ್ಷೇಪಣ ಸಮಿತಿಯಾಗಲಿ ಕಣ್ಣಿನ ಕೆಲಸವೇ. ಪಿಂಛಿ ಕಣ್ಣಿನ ಹಿಂದೆ ಬರುತ್ತದೆ. ಹೂಕುಂಡವನ್ನು ಸ್ಥಳ ಬದಲಿಸುವ ಗೃಹಿಣಿ ಅದನ್ನು ಒಮ್ಮೆಗೇ ಎಳೆಯದೆ ತುಸು ವಾಲಿಸಿ ಕೆಳಗೆ ನೋಡಿದರೆ, ತಂಪಿಗೆ ಕುಳಿತ ಕಪ್ಪೆಯೂ ಉಳಿಯುತ್ತದೆ, ಚೇಳಿದ್ದರೆ ಅವಳ ಬೆರಳೂ ಉಳಿಯುತ್ತದೆ.

ಭರಣಿಯ ಮಳೆ ಒಂದು ಸಂಜೆ ಗುಡುಗಿ ಬಂದು ಹೋದ ಮೇಲೆ ಗೆದ್ದಲಿನ ಹುತ್ತಗಳಿಂದ ರೆಕ್ಕೆಹುಳುಗಳು ಏಳುತ್ತವೆ. ವರ್ಷದಲ್ಲಿ ಕೆಲವೇ ಸಂಜೆಗಳ ಹಾರಾಟ ಅದು. ಜೊತೆ ಹುಡುಕಿ, ರೆಕ್ಕೆ ಕಳಚಿ, ನೆಲ ಸೇರುವುದು ಅವುಗಳ ಉದ್ದೇಶ. ಹೆಚ್ಚಿನವು ಹಕ್ಕಿ, ಕಪ್ಪೆ, ಹಲ್ಲಿಗಳ ಪಾಲಾಗುತ್ತವೆ, ಅದಕ್ಕೆ ಮನೆಯವರು ಹೊಣೆಯಲ್ಲ. ಜಗಲಿಯ ದೀಪಕ್ಕೆ ಬಂದು ನೆಲದ ತುಂಬ ಬಿದ್ದು, ಓಡಾಡುವವರ ಕಾಲಡಿಗೆ ಅರೆಯುವವುಗಳಿಗೆ ಹೊಣೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಲ್ಲಿ ಆ ಹೊತ್ತು ದೀಪವಾರಿಸಿ ಕತ್ತಲಲ್ಲಿ ಕುಳಿತುಕೊಳ್ಳುವುದು ದೊಡ್ಡ ತೊಂದರೆಯೇನಲ್ಲ. ಹಾರಾಟ ಬಹಳ ಹೊತ್ತು ನಡೆಯುವುದಿಲ್ಲ. ಅಂಥ ಮನೆಗಳು ಇಂದಿಗೂ ಕೆಲವಿವೆ. ಒಳಗಿನ ದೀಪಗಳೆಲ್ಲ ಆರಿದ ಮೇಲೆ ಹುಳುಗಳು ಓಣಿಯ ತಿರುವಿನ ಬೀದಿದೀಪಕ್ಕೆ ಹೋಗಿ ಮುತ್ತುತ್ತವೆ. ಆ ದೀಪವನ್ನು ಪಂಚಾಯಿತಿಗೆ ಅರ್ಜಿ ಕೊಟ್ಟು ಹಾಕಿಸಿಕೊಂಡವರು ಅದೇ ಓಣಿಯ ಮನೆಗಳವರು, ಬಸ್ಸಿಳಿದು ಕತ್ತಲಲ್ಲಿ ಬರುವ ಹೆಣ್ಣುಮಕ್ಕಳಿಗೆ ಹಾವು ಕಾಣಲೆಂದು. ಅದರಡಿಯಲ್ಲಿ ನೆಲಗಪ್ಪೆಗಳು ಸಾಲಾಗಿ ಕುಳಿತಿರುತ್ತವೆ.